ಹಚ್ಚೆಯ ಗಾಯ ಮತ್ತು ಅದರ ಆರೈಕೆ

ಹಚ್ಚೆ ಹಾಕಿಸಿಕೊಳ್ಳುವ ಪದ್ಧತಿಯು ನಮ್ಮಲ್ಲಿ ಬಹಳ ಹಳೆಯದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಅಜ್ಜಿಯಂದಿರ ಮುಂಗೈಗಳ ಮೇಲೆ ಇಂದಿಗೂ ಅದನ್ನು ಕಾಣಬಹುದು. ನೆರೆಯ ಮರಾಠಿಗರು ಇದನ್ನೇ ಗೋಂದಣವೆನ್ನುವರು. ಈಗ ಕೈಸೂಜಿಯ ಬದಲು ಯಂತ್ರ ಬಂದಿದೆ. ಟ್ಯಾಟೂ ಎಂಬ ಹೆಸರೂ ಬಂದಿದೆ. ಆದರೆ ಹೊಸ ಹಚ್ಚೆಯು ಮೊದಲು ಗಾಯ, ಅನಂತರವೇ ಅಲಂಕಾರ ಎಂಬುದು ಮಾತ್ರ ಬದಲಾಗಿಲ್ಲ.

ನಮ್ಮ ಮೇಲ್ಚರ್ಮವು ಸದಾ ಸವೆದು ಉದುರಿ ಹೊಸದಾಗುತ್ತಿರುತ್ತದೆ. ಬಣ್ಣವು ಅಲ್ಲಿಯೇ ನಿಂತಿದ್ದರೆ ಅದೂ ಉದುರಿಹೋಗುತ್ತಿತ್ತು. ಆದುದರಿಂದ ಸೂಜಿಯು ಅದನ್ನು ಒಳಚರ್ಮಕ್ಕೆ ಮುಟ್ಟಿಸುತ್ತದೆ. ರೋಗಾಣುಗಳನ್ನು ನುಂಗುವ ಕಾವಲು ಜೀವಕೋಶಗಳು ಈ ಬಣ್ಣವನ್ನೂ ನುಂಗುತ್ತವೆ, ಆದರೆ ಕರಗಿಸಲಾರವು. ಅವು ಸತ್ತಾಗ ಹೊಸ ಕೋಶಗಳು ಅದೇ ಬಣ್ಣವನ್ನು ಎತ್ತಿಕೊಳ್ಳುತ್ತವೆಂದು ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲಣ ಪ್ರಯೋಗದಿಂದ ತೋರಿಸಿದರು. ಹಚ್ಚೆಯು ಬಾಳಿನುದ್ದಕ್ಕೂ ಉಳಿಯುವುದರ ಗುಟ್ಟು ಇದು. ಆದರೆ ಬಣ್ಣವು ಒಳಹೊಕ್ಕ ರಂಧ್ರಗಳು ಮುಚ್ಚುವ ತನಕ ರೋಗಾಣುಗಳಿಗೂ ಅದೇ ಬಾಗಿಲು.

ಮೇಲಿನ ಗಾಯ ಮಾಯಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಗಾಯವನ್ನು ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆಯತಕ್ಕದ್ದು. ದಿನಕ್ಕೆ ಎರಡು ಬಾರಿ ಶುದ್ಧವಾದ ನೀರು ಮತ್ತು ಸೌಮ್ಯವಾದ ಸಾಬೂನಿನಿಂದ ಮೆಲ್ಲನೆ ತೊಳೆದು, ಒಗೆದ ಬಟ್ಟೆಯಿಂದ ಉಜ್ಜದೆ ಒತ್ತಿ ಒರಸಬೇಕು. ಬಳಿಕ ವಾಸನೆಯಿಲ್ಲದ ಮುಲಾಮನ್ನು ತೆಳುವಾಗಿ ಸವರಿದರೆ ಸಾಕು. ದಪ್ಪವಾಗಿ ಮೆತ್ತಿದರೆ ಗಾಯವು ತೇವದಿಂದ ಮೆತ್ತಗಾಗುವುದು. ಸಡಿಲವಾದ ಹತ್ತಿಯ ಬಟ್ಟೆ ತೊಡುವುದು ಲೇಸು.

ಕೆಲವು ದಿನಗಳಲ್ಲಿ ಹಕ್ಕಳೆ ಕಟ್ಟಿ ತುರಿಕೆ ಹುಟ್ಟುವುದು. ಅದು ಮಾಯುವಿಕೆಯ ಲಕ್ಷಣ. ಉಗುರಿನಿಂದ ಕಿತ್ತರೆ ಬಣ್ಣವೂ ಹೋಗುವುದು, ಕಲೆಯೂ ನಿಲ್ಲುವುದು. ತುರಿಕೆ ತಾಳಲಾರದಾದರೆ ತಣ್ಣೀರಿನಲ್ಲಿ ಹಿಂಡಿದ ಶುದ್ಧ ಬಟ್ಟೆಯನ್ನು ಅದರ ಮೇಲಿಡಿರಿ. ಗಾಯ ಮಾಯುವ ತನಕ ಬಾವಿ, ಕೆರೆ, ಹೊಳೆಗಳಲ್ಲಿ ಈಜಬಾರದು, ಸುಡುಬಿಸಿಲಿಗೆ ಒಡ್ಡಬಾರದು. ಬೂದಿ, ಸುಣ್ಣ, ಸಗಣಿಗಳನ್ನು ಎಂದಿಗೂ ಹಚ್ಚಕೂಡದು. ಅಡಿಗೆಮನೆಯ ಅರಿಸಿನವೂ ರೋಗಾಣುರಹಿತವಲ್ಲ.

ಮೊದಲ ಒಂದೆರಡು ದಿನ ಕೆಂಪು, ನೋವು ಇರುವುದು ಸಹಜ. ಆದರೆ ಕೆಂಪು ಹಬ್ಬತೊಡಗಿದರೆ, ನೋವು ಹೆಚ್ಚಿದರೆ, ಕೀವು ಕಂಡರೆ ಅಥವಾ ಜ್ವರ ಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಒಬ್ಬರಿಗೆ ಬಳಸಿದ ಸೂಜಿಯನ್ನು ಮತ್ತೊಬ್ಬರಿಗೆ ಬಳಸಿದರೆ ಹೆಪಟೈಟಿಸ್, ಎಚ್‌ಐವಿ ಸೋಂಕುಗಳು ತಗಲಬಹುದು. ಇದನ್ನು ಯಾವ ಆರೈಕೆಯೂ ತಪ್ಪಿಸಲಾರದು. ಆದುದರಿಂದ ಹೊಸ ಸೂಜಿಯನ್ನು ಕಣ್ಣೆದುರಿಗೇ ಬಿಚ್ಚಿಸಬೇಕು; ಧನುರ್ವಾಯುವಿನ ಚುಚ್ಚುಮದ್ದು ಆಗಿದೆಯೇ ಎಂದೂ ನೋಡಬೇಕು.

ಕೊನೆಯದಾಗಿ, ಪೋಷಕರಲ್ಲಿ ಒಂದು ಬಿನ್ನಹ. ಬೈಗುಳಿಗೆ ಹೆದರಿ ತುಂಬುತೋಳಿನ ಅಂಗಿಯೊಳಗೆ ಹಚ್ಚೆಯನ್ನು ಬಚ್ಚಿಡುವ ಹುಡುಗನು ಅದರೊಡನೆ ಕೀವನ್ನೂ ಬಚ್ಚಿಡುತ್ತಾನೆ. ಹಿರಿಯರನ್ನು ಕೇಳದೆ ಹಾಕಿಸಿಕೊಂಡುದು ತಪ್ಪೇ ಸರಿ. ಆದರೂ ಮೊದಲು ಗಾಯವನ್ನು ನೋಡಿರಿ. ಬುದ್ಧಿವಾದಕ್ಕೆ ಆಮೇಲೆ ಬೇಕಾದಷ್ಟು ಸಮಯವಿದೆ.