ಮೊದಲ ಹೆರಿಗೆಯ ಭಯ ಮಾಸದಿರುವಾಗ ಎರಡನೆಯದಕ್ಕೆ ಸಿದ್ಧತೆ

ಮೊದಲ ಮಗುವಿಗೆ ಎರಡು ವರ್ಷ ತುಂಬುತ್ತಿದ್ದಂತೆ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಶುರುವಾಗುತ್ತದೆ: "ಇನ್ನೊಂದು ಯಾವಾಗ?" ಅತ್ತೆ ಕೇಳುತ್ತಾರೆ, ನಾದಿನಿ ಕೇಳುತ್ತಾಳೆ, ನಿಕಾಹ್‌ಗೆ ಬಂದ ದೂರದ ನೆಂಟರೂ ಕೇಳುತ್ತಾರೆ. ಕೇಳುವವರ ಮನಸ್ಸಿನಲ್ಲಿ ಕೆಡುಕೇನೂ ಇರುವುದಿಲ್ಲ. ಆದರೆ ಮೊದಲ ಹೆರಿಗೆಯಲ್ಲಿ ಸಾವಿನ ಹತ್ತಿರ ಹೋಗಿ ಬಂದ ಹೆಣ್ಣಿಗೆ ಆ ಮಾತು ಕಿವಿಗೆ ಬಿದ್ದೊಡನೆ ಎದೆ ಡವಗುಟ್ಟುತ್ತದೆ. ಆಕೆ ನಕ್ಕು ಸುಮ್ಮನಾಗುತ್ತಾಳೆ. ಆ ಮೌನವನ್ನು ಮನೆಯವರು ಒಪ್ಪಿಗೆ ಎಂದುಕೊಳ್ಳುತ್ತಾರೆ, ಇಲ್ಲವೇ ಹಟ ಎಂದುಕೊಳ್ಳುತ್ತಾರೆ. ಅದು ಎರಡೂ ಅಲ್ಲ.

ಹೆರಿಗೆಯ ಆಘಾತ ಎಂದರೆ ಬರೀ ನೋವು ಎಂದು ತಿಳಿಯಬಾರದು. ನಡುರಾತ್ರಿ ಅವಸರದಲ್ಲಿ ಮಾಡಿದ ಸಿಸೇರಿಯನ್, ನಿಲ್ಲದ ರಕ್ತಸ್ರಾವ, ಆಳವಾಗಿ ಹರಿದು ಹಾಕಿದ ಹೊಲಿಗೆ, ಹುಟ್ಟಿದ ಕೂಡಲೇ ಅಳದೆ ಎನ್‌ಐಸಿಯು ಸೇರಿದ ಮಗು, ಇವೆಲ್ಲ ಎಲ್ಲರಿಗೂ ಕಾಣುವ ಕಾರಣಗಳು. ಕಾಣದವೂ ಇವೆ. ಡಿಸ್ಚಾರ್ಜ್ ಕಾಗದದಲ್ಲಿ 'ನಾರ್ಮಲ್ ಹೆರಿಗೆ, ತಾಯಿ ಮಗು ಕ್ಷೇಮ' ಎಂದೇ ಬರೆದಿರಬಹುದು. ಆದರೆ ಲೇಬರ್ ವಾರ್ಡಿನಲ್ಲಿ ಆಕೆಯನ್ನು ಗದರಿಸಿರಬಹುದು, ತೊಡೆಗೆ ಹೊಡೆದಿರಬಹುದು, ಏನು ಮಾಡುತ್ತಿದ್ದೇವೆ ಎಂದು ಒಂದು ಮಾತೂ ಹೇಳದೆ ಪರೀಕ್ಷೆ ಮಾಡಿರಬಹುದು. ಹೆರಿಗೆಯ ಸಮಯದ ಇಂಥ ಅವಮಾನ ಮತ್ತು ಹಿಂಸೆಯ ವಿರುದ್ಧ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿಕೆ ಹೊರಡಿಸಿದೆ. ಹಾಗಾಗಿ "ಎಲ್ಲರೂ ಹೆರುತ್ತಾರೆ, ನಿನಗೇನು ವಿಶೇಷ" ಎಂಬ ಸಮಾಧಾನ ಸಮಾಧಾನವೇ ಅಲ್ಲ.

ಈ ಭಯಕ್ಕೆ ವೈದ್ಯಶಾಸ್ತ್ರದಲ್ಲಿ ಹೆಸರಿದೆ. ಹೆರಿಗೆಯ ವಿಪರೀತ ಭಯವನ್ನು ಟೋಕೋಫೋಬಿಯಾ ಎನ್ನುತ್ತಾರೆ. ಹಿಂದಿನ ಹೆರಿಗೆಯ ಅನುಭವದಿಂದ ಹುಟ್ಟಿದ್ದಾದರೆ ಅದು ಎರಡನೆಯ ಬಗೆಯದು. ಕೆಲವರಲ್ಲಿ ಇದು ಪಿಟಿಎಸ್‌ಡಿ ಎಂಬ ಆಘಾತೋತ್ತರ ಒತ್ತಡದ ರೂಪ ತಾಳುತ್ತದೆ. ಆ ರಾತ್ರಿ ಮತ್ತೆ ಕಣ್ಣ ಮುಂದೆ ಬರುತ್ತದೆ. ಆಸ್ಪತ್ರೆಯ ಫಿನೈಲ್ ವಾಸನೆಗೆ ಕೈಕಾಲು ತಣ್ಣಗಾಗುತ್ತವೆ. ಮಗು ಮಲಗಿದರೂ ತಾಯಿಗೆ ನಿದ್ದೆ ಬರುವುದಿಲ್ಲ. ಹೆರಿಗೆ ಆದ ಆಸ್ಪತ್ರೆಯ ರಸ್ತೆಯನ್ನೇ ತಪ್ಪಿಸಿ ಹೋಗುವವರಿದ್ದಾರೆ, ಗಂಡನ ಹತ್ತಿರ ಹೋಗಲೂ ಹೆದರುವವರಿದ್ದಾರೆ. ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಹೆತ್ತ ತಾಯಂದಿರಲ್ಲಿ ನೂರಕ್ಕೆ ಸುಮಾರು 4 ಮಂದಿಗೆ, ತುರ್ತು ಸ್ಥಿತಿಯಂಥ ಹೆಚ್ಚಿನ ಅಪಾಯ ಕಂಡವರಲ್ಲಿ ನೂರಕ್ಕೆ 15ಕ್ಕಿಂತ ಹೆಚ್ಚು ಮಂದಿಗೆ ಇದು ಕಂಡುಬಂದಿದೆ. ಇದನ್ನು ದೃಷ್ಟಿ ತಾಗಿದೆ ಎಂದೋ ಈಮಾನ್ ಕಡಿಮೆಯಾಗಿದೆ ಎಂದೋ ಹೇಳಿ ಮುಗಿಸುವುದು ಸರಿಯಲ್ಲ. ಪವಿತ್ರ ಕುರ್‌ಆನಿನ ಸೂರಃ ಮರ್ಯಮ್ ಓದಿದವರಿಗೆ ಗೊತ್ತು: ಹೆರಿಗೆ ನೋವು ಬಂದಾಗ ಹ. ಮರ್ಯಮ್(ಅ)ರು ಖರ್ಜೂರದ ಮರದ ಬುಡದಲ್ಲಿ, ಇದಕ್ಕೆ ಮೊದಲೇ ಸತ್ತಿದ್ದರೆ ಚೆನ್ನಾಗಿತ್ತು ಎಂದು ಹಲುಬಿದ್ದನ್ನು ಅಲ್ಲಾಹನು ಮರೆಮಾಚಿಲ್ಲ. ಆ ಮಾತಿಗಾಗಿ ಅವರನ್ನು ಗದರಿಸಲೂ ಇಲ್ಲ. ಕುಡಿಯಲು ನೀರು, ತಿನ್ನಲು ಹಣ್ಣು, ದುಃಖಿಸಬೇಡ ಎಂಬ ಸಾಂತ್ವನ ಅವರಿಗೆ ಸಿಕ್ಕಿತು.

ಈಗ ಕೆಲಸದ ಮಾತಿಗೆ ಬರೋಣ. ಎರಡನೆಯ ಹೆರಿಗೆಯ ಸಿದ್ಧತೆ ಶುರುವಾಗಬೇಕಾದದ್ದು ಮೊದಲ ಹೆರಿಗೆಯ ಕಾಗದದಿಂದ. ನಮ್ಮಲ್ಲಿ ಬಹಳ ಮಂದಿಗೆ ಅಂದು ಏನಾಯಿತು ಎಂಬುದೇ ಗೊತ್ತಿಲ್ಲ. "ಮಗುವಿನ ಹಾರ್ಟ್‌ಬೀಟ್ ಕಡಿಮೆಯಾಯಿತಂತೆ", "ತುಂಬಾ ಬ್ಲೀಡಿಂಗ್ ಆಯಿತಂತೆ" ಎಂಬ 'ಅಂತೆ'ಗಳಷ್ಟೇ ಉಳಿದಿರುತ್ತವೆ. ಡಿಸ್ಚಾರ್ಜ್ ಸಮ್ಮರಿ ಮನೆ ಬದಲಿಸುವಾಗ ಕಳೆದಿರುತ್ತದೆ. ಭಾರತದ ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಯ್ದಿಡಬೇಕು. ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಮೂರು ವರ್ಷ ದಾಟಿದ ಮೇಲೆ ಹೋದರೆ "ಹಳೆಯ ಫೈಲ್ ಇಲ್ಲ" ಎಂಬ ಉತ್ತರ ಬರಬಹುದು. ಆದ್ದರಿಂದ ಮತ್ತೆ ಗರ್ಭ ಧರಿಸುವ ಯೋಚನೆ ಇರಲಿ, ಇಲ್ಲದಿರಲಿ, ಆ ದಾಖಲೆಯನ್ನು ಈಗಲೇ ತೆಗೆದುಕೊಳ್ಳಿ. ಒಂದು ಚೀಟಿಯಲ್ಲಿ ಅರ್ಜಿ ಬರೆದು ಅದರ ಪ್ರತಿಗೆ ಸಹಿ ಹಾಕಿಸಿಕೊಂಡರೆ ಸಾಕು. ಆ ಆಸ್ಪತ್ರೆಯ ಮೆಟ್ಟಿಲು ಹತ್ತಲು ಆಕೆಗೆ ಮನಸ್ಸಿಲ್ಲದಿದ್ದರೆ ಗಂಡ ಅಧಿಕಾರ ಪತ್ರ ಹಿಡಿದು ಹೋಗಲಿ. ಇದು ಗಂಡಸರು ಮಾಡಬಹುದಾದ ಮೊದಲ ಸೇವೆ.

ಆ ಕಾಗದವನ್ನು ಪ್ರಸೂತಿ ತಜ್ಞೆಯ ಮುಂದಿಟ್ಟು, ಗರ್ಭ ನಿಲ್ಲುವುದಕ್ಕೆ ಮೊದಲೇ, ಅರ್ಧ ಗಂಟೆ ಮಾತಾಡಬೇಕು. ಏನಾಯಿತು, ಯಾಕಾಯಿತು, ಮತ್ತೆ ಆಗುವ ಸಾಧ್ಯತೆ ಎಷ್ಟು, ತಡೆಯಲು ಏನು ಮಾಡಬಹುದು ಎಂಬ ನಾಲ್ಕು ಪ್ರಶ್ನೆ ಸಾಕು. ಜನಜಂಗುಳಿಯ ಒ.ಪಿ.ಡಿ.ಯಲ್ಲಿ ಇಷ್ಟು ಸಮಯ ಸಿಗುವುದು ಕಷ್ಟವೆಂಬುದು ನಿಜ. ಮೊದಲೇ ಹೇಳಿ, ಸಂದಣಿ ಕಡಿಮೆ ಇರುವ ದಿನ ಕೇಳಿಕೊಳ್ಳಿ.

ಮೊದಲನೆಯದು ಸಿಸೇರಿಯನ್ ಆಗಿದ್ದರೆ ಗರ್ಭಕೋಶವನ್ನು ಯಾವ ದಿಕ್ಕಿನಲ್ಲಿ ಕೊಯ್ದಿದ್ದರು ಎಂಬುದು ಮುಖ್ಯ. ಹೊಟ್ಟೆಯ ಮೇಲಿನ ಗುರುತು ನೋಡಿ ಒಳಗಿನ ಗಾಯವನ್ನು ಹೇಳಲಾಗದು; ಅದು ಆಪರೇಷನ್ ಟಿಪ್ಪಣಿಯಲ್ಲಿ ಮಾತ್ರ ಇರುತ್ತದೆ. ಕೆಳಭಾಗದಲ್ಲಿ ಅಡ್ಡಲಾಗಿ ಕೊಯ್ದಿದ್ದು, ಬೇರೆ ತೊಂದರೆ ಇಲ್ಲದಿದ್ದರೆ, ಮುಂದಿನದಕ್ಕೆ ನಾರ್ಮಲ್ ಹೆರಿಗೆ ಪ್ರಯತ್ನಿಸಬಹುದು. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2015ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ಹೀಗೆ ಪ್ರಯತ್ನಿಸಿದವರಲ್ಲಿ ನೂರಕ್ಕೆ 72ರಿಂದ 75 ಮಂದಿಗೆ ಅದು ಸಫಲವಾಗುತ್ತದೆ. ಹಳೆಯ ಗಾಯ ಬಿರಿಯುವ ಅಪಾಯ ಸುಮಾರು 200ರಲ್ಲಿ ಒಬ್ಬರಿಗೆ. ನೋವು ತರಿಸಲು ಔಷಧ ಕೊಟ್ಟಾಗ ಆ ಅಪಾಯ ಹೆಚ್ಚುತ್ತದೆ. ಸಂಖ್ಯೆ ಚಿಕ್ಕದೇ, ಆದರೆ ಬಿರಿದರೆ ನಿಮಿಷಗಳಲ್ಲಿ ಆಪರೇಷನ್ ಆಗಬೇಕು. ಆದ್ದರಿಂದ ರಾತ್ರಿಯೂ ಅರಿವಳಿಕೆ ತಜ್ಞರು, ಆಪರೇಷನ್ ಥಿಯೇಟರ್, ರಕ್ತ ಸಿಗುವ ಆಸ್ಪತ್ರೆಯಲ್ಲಿ ಮಾತ್ರ ಈ ಪ್ರಯತ್ನ. ಮೇಲಿನಿಂದ ಕೆಳಕ್ಕೆ ಉದ್ದನೆ ಕೊಯ್ದಿದ್ದರೆ ಪ್ರಯತ್ನವೇ ಬೇಡ. ಮತ್ತೆ ಸಿಸೇರಿಯನ್ನೇ ಬೇಕು ಎಂದು ತಿಳಿದೇ ಆರಿಸುವ ತಾಯಿಯನ್ನು ಹೇಡಿ ಎನ್ನಬೇಡಿ. ಆದರೆ ಮೂರು ನಾಲ್ಕು ಮಕ್ಕಳ ಆಸೆ ಇರುವ ಮನೆಯವರು ಒಂದು ವಿಷಯ ತಿಳಿದಿರಲಿ: ಪ್ರತಿ ಸಿಸೇರಿಯನ್ ಆದಂತೆ, ಮುಂದಿನ ಗರ್ಭದಲ್ಲಿ ಮಾಸು ಹಳೆಯ ಗಾಯಕ್ಕೆ ಆಳವಾಗಿ ಅಂಟಿಕೊಳ್ಳುವ ಅಪಾಯ ಏರುತ್ತಾ ಹೋಗುತ್ತದೆ. ಐದನೆಯ ತಿಂಗಳ ಸ್ಕ್ಯಾನಿಂಗಿನಲ್ಲಿ ಮಾಸು ಎಲ್ಲಿದೆ ಎಂದು ಕೇಳಲು ಮರೆಯಬೇಡಿ.

ರಕ್ತಸ್ರಾವ ಆಗಿದ್ದವರಿಗೆ ಅದು ಮತ್ತೆ ಆಗುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಇಲ್ಲಿ ತಯಾರಿ ತಿಂಗಳುಗಳ ಮೊದಲೇ ಅಡಿಗೆಮನೆಯಲ್ಲಿ ಶುರುವಾಗುತ್ತದೆ. ರಕ್ತಹೀನತೆ ಇರುವವಳು ಕಳೆದುಕೊಳ್ಳುವ ಅರ್ಧ ಲೀಟರ್ ರಕ್ತ, ಗಟ್ಟಿಯಾಗಿರುವವಳು ಕಳೆದುಕೊಳ್ಳುವ ಅರ್ಧ ಲೀಟರಿಗೆ ಸಮವಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ನಮ್ಮ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಇದೆ. ಗರ್ಭ ನಿಲ್ಲುವ ಮೊದಲೇ ಹಿಮೋಗ್ಲೋಬಿನ್ ಪರೀಕ್ಷಿಸಿ. ಗರ್ಭಿಣಿಯಲ್ಲಿ 11ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಸರಕಾರ ಕೊಡುವ ಕಬ್ಬಿಣದ ಮಾತ್ರೆಯನ್ನು ಊಟವಾದ ಕೂಡಲೇ ಕುಡಿಯುವ ಚಹಾ, ಸುಲೈಮಾನಿಯ ಜೊತೆ ನುಂಗಿದರೆ ಅರ್ಧ ಪ್ರಯೋಜನ ಹೋಯಿತು. ಕ್ಯಾಲ್ಸಿಯಂ ಮಾತ್ರೆಯನ್ನೂ ಬೇರೆ ಹೊತ್ತಿಗೆ ತೆಗೆದುಕೊಳ್ಳಬೇಕು. ಮಾತ್ರೆ ಹಿಡಿಸದವರಿಗೆ ರಕ್ತನಾಳದ ಮೂಲಕ ಕಬ್ಬಿಣ ಕೊಡುವ ವ್ಯವಸ್ಥೆ ಇದೆ. ಹೆರಿಗೆಯ ಮೊದಲು ರಕ್ತದ ಗುಂಪು ಬರೆದಿಟ್ಟು, ರಕ್ತ ಕೊಡಬಲ್ಲ ಇಬ್ಬರು ಮೂವರು ಬಂಧುಗಳಿಗೆ ಹೇಳಿಡಿ. ಹೆರಿಗೆಯ ನಂತರ ಹೋದ ರಕ್ತವನ್ನು ಕಣ್ಣಳತೆಯಲ್ಲಿ ಊಹಿಸದೆ ಅಳತೆಯ ಚೀಲದಲ್ಲಿ ಅಳೆದು, ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಕೊಟ್ಟರೆ ತೀವ್ರ ರಕ್ತಸ್ರಾವ ಮತ್ತು ಅದರ ಅನಾಹುತ ಶೇ. 60ರಷ್ಟು ಇಳಿಯಿತು ಎಂದು ಆಫ್ರಿಕದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ನಡೆದ, 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ನಿಮ್ಮ ಆಸ್ಪತ್ರೆಯಲ್ಲಿ ರಕ್ತವನ್ನು ಹೇಗೆ ಅಳೆಯುತ್ತಾರೆ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಬಿ.ಪಿ. ಏರಿ ತೊಂದರೆಯಾಗಿದ್ದವರು ಗರ್ಭ ನಿಂತದ್ದು ತಿಳಿದ ಕೂಡಲೇ ವೈದ್ಯರನ್ನು ಕಾಣಬೇಕು. ಅಂಥವರಿಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಮಾತ್ರೆ ನೆರವಾಗುತ್ತದೆ, ಆದರೆ ಅದನ್ನು 16 ವಾರದೊಳಗೆ ವೈದ್ಯರ ಸಲಹೆಯಂತೆ ಶುರುಮಾಡಬೇಕು. ಐದನೆಯ ತಿಂಗಳಲ್ಲಿ ಹೋದರೆ ತಡವಾಯಿತು.

ಹೇಳಲು ನಾಚಿಕೆಪಡುವ ಸಂಗತಿಯೊಂದಿದೆ. ಹೆರಿಗೆಯಲ್ಲಿ ಗುದದ್ವಾರದ ಸ್ನಾಯುವರೆಗೆ ಹರಿದ ಕೆಲವರಿಗೆ ವಾಯು, ಕೆಲವೊಮ್ಮೆ ಮಲವೂ ತಡೆಯಲಾಗುವುದಿಲ್ಲ. ವುಝೂ ನಿಲ್ಲುವುದಿಲ್ಲವೆಂದು ಮತ್ತೆ ಮತ್ತೆ ವುಝೂ ಮಾಡುತ್ತಾ, ಯಾರಿಗೂ ಹೇಳದೆ ವರ್ಷಗಟ್ಟಲೆ ಕಳೆಯುವ ಸಹೋದರಿಯರಿದ್ದಾರೆ. ಇದು ಹೆತ್ತವಳು ಸಹಿಸಲೇಬೇಕಾದ ಪಾಡು ಅಲ್ಲ. ವ್ಯಾಯಾಮ, ಫಿಸಿಯೋಥೆರಪಿ, ಬೇಕಾದರೆ ಶಸ್ತ್ರಚಿಕಿತ್ಸೆ ಇದೆ. ಮುಂದಿನ ಹೆರಿಗೆ ನಾರ್ಮಲ್ ಆಗಬೇಕೇ, ಸಿಸೇರಿಯನ್ ಆಗಬೇಕೇ ಎಂಬ ನಿರ್ಧಾರವೂ ಈ ತೊಂದರೆಯ ಮೇಲೆ ನಿಂತಿದೆ. ವೈದ್ಯೆಗೆ ಹೇಳದಿದ್ದರೆ ಅವರಿಗೆ ತಿಳಿಯುವುದಾದರೂ ಹೇಗೆ?

ಎಷ್ಟು ಅಂತರ ಬೇಕು? ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಕನಿಷ್ಠ 24 ತಿಂಗಳು ಕಾಯುವುದು ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಪೂರ್ತಿ ಹಾಲೂಡಿಸಲು ಕುರ್‌ಆನ್ ಹೇಳುವ ಎರಡು ವರ್ಷವನ್ನು ನೆನೆದರೆ ನಮ್ಮ ಓದುಗರಿಗೆ ಈ ಲೆಕ್ಕ ಹೊಸದೆನಿಸದು. ಹಾಲೂಡಿಸುವಾಗ ಗರ್ಭ ನಿಲ್ಲದು ಎಂಬ ನಂಬಿಕೆಯಲ್ಲಿ ಮಾತ್ರ ಕೂರಬೇಡಿ. ಮಗುವಿಗೆ ಆರು ತಿಂಗಳು ದಾಟಿದರೆ, ಮುಟ್ಟು ಮರಳಿದರೆ, ಮೇಲುಹಾಲು ಶುರುವಾದರೆ ಆ ರಕ್ಷಣೆ ಹೋಯಿತು. ಪ್ರವಾದಿ(ಸ)ಯವರ ಕಾಲದಲ್ಲಿ ಸಹಾಬಿಗಳು ಅಝ್ಲ್ ಮಾಡುತ್ತಿದ್ದುದು ಹದೀಸ್‌ಗಳಲ್ಲಿದೆ. ಅದನ್ನು ಆಧರಿಸಿ, ಅಂತರಕ್ಕಾಗಿ ತಾತ್ಕಾಲಿಕ ವಿಧಾನಗಳನ್ನು ದಂಪತಿ ಪರಸ್ಪರ ಒಪ್ಪಿ ಬಳಸುವುದನ್ನು ಬಹುಪಾಲು ವಿದ್ವಾಂಸರು ಅನುಮತಿಸಿದ್ದಾರೆ. ಸಂಶಯವಿದ್ದರೆ ನಿಮ್ಮ ಮಹಲ್ಲಾದ ಖತೀಬರನ್ನು ಕೇಳಬಹುದು, ಯಾವ ವಿಧಾನ ಎಂಬುದನ್ನು ವೈದ್ಯೆಯನ್ನು ಕೇಳಿ.

ಎರಡು ವರ್ಷ ಆಯಿತು, ದೇಹ ಗುಣವಾಯಿತು, ಆದರೂ ಮನಸ್ಸು ಒಪ್ಪುತ್ತಿಲ್ಲ ಎಂದರೆ ಇನ್ನೂ ಕಾಯಬೇಕು. ಬರೀ ಕಾಯುವುದಲ್ಲ, ಚಿಕಿತ್ಸೆಯನ್ನೂ ಪಡೆಯಬೇಕು. ಆಘಾತಕ್ಕೆಂದೇ ರೂಪಿಸಿದ ಆಪ್ತಸಮಾಲೋಚನೆ ಇದೆ, ಅದರಿಂದ ಬಹಳ ಮಂದಿ ಚೇತರಿಸಿಕೊಳ್ಳುತ್ತಾರೆ. ಮನಸ್ಸಿನ ಮಾತ್ರೆ ತೆಗೆದುಕೊಳ್ಳುತ್ತಿರುವವರು ಗರ್ಭ ನಿಂತ ಕೂಡಲೇ ಹೆದರಿ ತಾವಾಗಿಯೇ ನಿಲ್ಲಿಸಬಾರದು. ಗರ್ಭದಲ್ಲೂ ಹಾಲೂಡಿಸುವಾಗಲೂ ಮುಂದುವರಿಸಬಹುದಾದ ಔಷಧಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಮಗುವನ್ನೂ ಒಟ್ಟಿಗೆ ದಾಖಲಿಸಿಕೊಳ್ಳುವ ಘಟಕವೇ ಇದೆ. ಫೋನಿನಲ್ಲಿ ಮಾತಾಡಲು ಟೆಲಿ-ಮಾನಸ್ ಸಂಖ್ಯೆ 14416, ಕರೆ ಉಚಿತ, ಕನ್ನಡದಲ್ಲಿ ಮಾತಾಡಬಹುದು.

ಹೆರಿಗೆಯ ಯೋಜನೆಯಲ್ಲಿ ಭಯವನ್ನೂ ಬರೆಯಬೇಕು. ಬಿ.ಪಿ., ಸಕ್ಕರೆ ಕಾಯಿಲೆ ಬರೆಯುವ ಹಾಗೆಯೇ. ಒಂದು ಹಾಳೆಯಲ್ಲಿ ಹತ್ತು ಸಾಲು ಸಾಕು: ಕಳೆದ ಸಲ ನನಗೆ ಹೀಗಾಯಿತು, ಪರೀಕ್ಷೆ ಮಾಡುವ ಮೊದಲು ಹೇಳಿ ಮಾಡಿ, ನಾನು ನಿಲ್ಲಿಸಿ ಎಂದರೆ ಒಂದು ಕ್ಷಣ ನಿಲ್ಲಿಸಿ, ನೋವು ಕಡಿಮೆ ಮಾಡುವ ಎಪಿಡ್ಯೂರಲ್ ಇದ್ದರೆ ಬೇಕು, ಮಗು ಅಳದಿದ್ದರೆ ಏನು ಮಾಡುತ್ತಿದ್ದೀರೆಂದು ನನಗೆ ತಿಳಿಸಿ. ಈ ಹಾಳೆ ತಾಯಿ ಕಾರ್ಡಿನ ಜೊತೆ ಇರಲಿ. ಮಹಿಳಾ ವೈದ್ಯೆ ಬೇಕು, ಪರದೆ ಬೇಕು ಎಂಬುದನ್ನೂ ಬರೆಯಿರಿ, ರಾತ್ರಿ ಪಾಳಿಯಲ್ಲಿ ಯಾರಿರುತ್ತಾರೆ ಎಂದು ಮೊದಲೇ ಕೇಳಿ. ಆದರೆ ಜೀವಕ್ಕೆ ಅಪಾಯವೆಂದಾಗ ಪುರುಷ ವೈದ್ಯರಿಂದ ಚಿಕಿತ್ಸೆ ಪಡೆಯಲು ಧರ್ಮದಲ್ಲಿ ಅಡ್ಡಿಯಿಲ್ಲ ಎಂಬುದನ್ನು ಮನೆಯವರೆಲ್ಲ ಮೊದಲೇ ಮಾತಾಡಿಕೊಂಡಿರಲಿ. ಆ ಹೊತ್ತಿನಲ್ಲಿ ಲೇಬರ್ ವಾರ್ಡಿನ ಬಾಗಿಲಲ್ಲಿ ಚರ್ಚೆ ನಡೆಯಬಾರದು.

ಜೊತೆಗೆ ಯಾರಿರಬೇಕು? ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಹೊತ್ತು ಒಬ್ಬ ಸಂಗಾತಿ ಇರಬಹುದೆಂದು ಕೇಂದ್ರ ಸರಕಾರ 2016ರಲ್ಲೇ ಹೇಳಿದೆ. ಸಾಮಾನ್ಯವಾಗಿ ಹೆತ್ತ ಅನುಭವವಿರುವ ಹೆಂಗಸು. ಮರೆಯ ವ್ಯವಸ್ಥೆ ಇರುವ ಕಡೆ ಗಂಡನೂ ಇರಬಹುದು. ಸಂಗಾತಿ ಪಕ್ಕದಲ್ಲಿದ್ದರೆ ಹೆರಿಗೆ ಸುಗಮವಾಗುತ್ತದೆ, ಸಿಸೇರಿಯನ್ ಕಡಿಮೆಯಾಗುತ್ತದೆ ಎಂಬುದು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಯಾರು ಎಂಬುದನ್ನು ಹೆರುವವಳೇ ಆರಿಸಬೇಕು. ಹಿರಿಯರೆಂದು ಅತ್ತೆಯೋ, ತವರಿನವರೆಂದು ತಾಯಿಯೋ ತಾವೇ ಮುಂದೆ ಬರುವುದಲ್ಲ. ಕೆಲವರಿಗೆ ಅಕ್ಕ ಬೇಕು, ಕೆಲವರಿಗೆ ಗೆಳತಿ.

ಎರಡನೆಯ ಹೆರಿಗೆ ಸುಸೂತ್ರವಾದರೂ ಹಳೆಯದು ಮತ್ತೆ ನೆನಪಾಗಬಹುದು. ನಲ್ವತ್ತು ದಿನದ ಬಾಣಂತನದಲ್ಲಿ ಎಣ್ಣೆ, ಬಿಸಿನೀರು, ಸಾರಿನ ಚಿಂತೆಯ ಜೊತೆಗೆ ನಿದ್ದೆ ಬರುತ್ತಿದೆಯೇ, ಅಳು ಬರುತ್ತಿದೆಯೇ ಎಂದೂ ಕೇಳಿ. ಆರನೆಯ ವಾರದ ತಪಾಸಣೆಯಲ್ಲಿ ಮಗುವಿನ ಚುಚ್ಚುಮದ್ದು ಮುಗಿಸಿ ಹಿಂದಿರುಗುವುದೇ ರೂಢಿ. ಅಂದೇ ತಾಯಿಯ ಬಿ.ಪಿ., ಹಿಮೋಗ್ಲೋಬಿನ್, ಹೊಲಿಗೆ ನೋಡಿಸಿ, ಮನಸ್ಸಿನ ಸ್ಥಿತಿ ಅಳೆಯುವ ಹತ್ತು ಪ್ರಶ್ನೆಗಳ ಎಡಿನ್‌ಬರೋ ಪಟ್ಟಿ ಇದೆಯೇ ಎಂದು ವಿಚಾರಿಸಿ. ಮತ್ತು ಈ ಸಲದ ಡಿಸ್ಚಾರ್ಜ್ ಸಮ್ಮರಿಯ ಎರಡು ಪ್ರತಿ ತೆಗೆದು, ಒಂದನ್ನು ತವರು ಮನೆಯಲ್ಲಿಡಿ.