ಇದ್ದೂ ಕಾಣದ ಜಾಲಸಾಧನ

ಕೊಳ್ಳೇಗಾಲ ಮತ್ತು ಹನೂರಿನ ಪ್ರದೇಶವು ೧೯೫೬ರ ನವೆಂಬರ್ ೧ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನೆರೆಯ ಯಳಂದೂರಾದರೋ ಮೈಸೂರು ರಾಜ್ಯದಲ್ಲಿತ್ತು. ಆ ಕಾಲದಲ್ಲಿ ಕನ್ನಡವೊಂದನ್ನೇ ಬಲ್ಲ ಹನೂರಿನ ರೈತನೊಬ್ಬನು ಕೊಯಮತ್ತೂರಿಗೆ ಹೋಗಿ, ತಮಿಳನ್ನು ಮಾತ್ರ ಬಲ್ಲ ಗುಮಾಸ್ತನ ಮುಂದೆ ನಿಂತನೆಂದು ಭಾವಿಸೋಣ. ರೈತನು ಮೂಕನಲ್ಲ, ಗುಮಾಸ್ತನು ಕಿವುಡನಲ್ಲ. ಆದರೂ ಕೆಲಸ ನಡೆಯದು. ನಡುವೆ ದುಭಾಷಿಯೊಬ್ಬನು ನಿಂತರೆ ಎಲ್ಲವೂ ಸರಾಗ. ಇಂದು ಅದೇ ಊರುಗಳ ವಿದ್ಯಾರ್ಥಿಯ ಮೇಜಿನ ಮೇಲಿರುವ ಗಣಕದೊಳಗೂ ಇಂಥದೇ ಪ್ರಸಂಗ ಒದಗುವುದುಂಟು.

ಒಂದೇ ಗಣಕವನ್ನು ಹಲವು ಗಣಕಗಳಂತೆ ನಡೆಯಿಸುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ಅದು ವಠಾರದ ಯಜಮಾನನಿದ್ದಂತೆ. ಪ್ರೊಸೆಸರ್, ಮೆಮೊರಿ, ಡಿಸ್ಕುಗಳನ್ನು ಪಾಲು ಮಾಡಿ, ಒಂದೊಂದು ಪಾಲಿನಲ್ಲಿ ಒಂದೊಂದು ಆಪರೇಟಿಂಗ್ ಸಿಸ್ಟಮಿಗೆ ಬಿಡಾರ ಕೊಡುವುದು. ಮೂರು ಯಂತ್ರಗಳನ್ನು ಕೊಳ್ಳಲಾರದ ವಿದ್ಯಾರ್ಥಿಯು ಒಂದರಲ್ಲಿಯೇ ಮೂರರ ಪ್ರಯೋಗ ಮಾಡಬಹುದು.

ಈ ಆಸೆಯಿಂದ ಆತನು ವಿಎಂವೇರ್ ಸಂಸ್ಥೆ ರೂಪಿಸಿದ ಇಎಸ್‌ಎಕ್ಸ್‌ಐ ಎಂಬ ಹೈಪರ್‌ವೈಸರನ್ನು ಸ್ಥಾಪಿಸಲು ತೊಡಗುವನು. ಸ್ವಲ್ಪ ಹೊತ್ತಿನಲ್ಲಿಯೇ ‘ಜಾಲಸಾಧನ ಯಾವುದೂ ಇಲ್ಲ’ ಎಂಬರ್ಥದ ಸಂದೇಶ ಮೂಡಿ ಕೆಲಸ ನಿಂತುಹೋಗುವುದು. ನಿನ್ನೆಯವರೆಗೆ ಇಂಟರ್‌ನೆಟ್ಟಿಗೆ ದಾರಿಯಾಗಿದ್ದ ಸಾಧನವು ಕೆಟ್ಟಿತೆ? ಮದರ್‌ಬೋರ್ಡನ್ನೇ ಬದಲಾಯಿಸಬೇಕೆ? ಸಾವಿರಾರು ರೂಪಾಯಿ ಕಳೆಯುವ ಮುನ್ನ ಕಾರಣವನ್ನು ವಿಚಾರಿಸೋಣ.

ಗಣಕದ ಪ್ರತಿಯೊಂದು ಪಿಸಿಐ ಸಾಧನವೂ ತನ್ನೊಳಗೆ ಎರಡು ಸಂಖ್ಯೆಗಳನ್ನು ಹೊತ್ತಿರುವುದು: ಒಂದು ತಯಾರಕನದು, ಇನ್ನೊಂದು ಸಾಧನದ ಮಾದರಿಯದು. ೮೦೮೬ ಎಂದರೆ ಇಂಟೆಲ್; ೧೦ಇಸಿ ಎಂದರೆ ರಿಯಲ್‌ಟೆಕ್. ಹೈಪರ್‌ವೈಸರು ಈ ಸಂಖ್ಯೆಗಳನ್ನು ಓದಿ, ಅವಕ್ಕೆ ಹೊಂದುವ ಡ್ರೈವರನ್ನು ತನ್ನ ಬಳಿ ಹುಡುಕುವುದು. ಈ ಡ್ರೈವರೇ ನಮ್ಮ ದುಭಾಷಿ. ಅದು ಸಿಗದಿದ್ದರೆ, ಸಾಧನವಿದ್ದರೂ ಇಲ್ಲದಂತೆಯೇ.

ಇಎಸ್‌ಎಕ್ಸ್‌ಐ ಮುಖ್ಯವಾಗಿ ಸರ್ವರುಗಳಿಗಾಗಿ ರೂಪುಗೊಂಡದ್ದು. ಮನೆಬಳಕೆಯ ಬೋರ್ಡುಗಳಲ್ಲಿ ಸಾಮಾನ್ಯವಾದ ರಿಯಲ್‌ಟೆಕ್ ೮೧೬೮ರ ಡ್ರೈವರನ್ನು ೨೦೧೩ರ ೫.೫ನೆಯ ಆವೃತ್ತಿಯಿಂದಲೇ ಅದರ ಸ್ಥಾಪನಾ ಪ್ರತಿಯಿಂದ ಕೈಬಿಡಲಾಯಿತು. ೨೦೨೦ರ ೭ನೆಯ ಆವೃತ್ತಿಯು ಲಿನಕ್ಸಿನಿಂದ ಎರವಲು ತಂದ ಹಳೆಯ ಮಾದರಿಯ ಡ್ರೈವರುಗಳನ್ನೆಲ್ಲ ನಿಲ್ಲಿಸಿತು. ಅಂದಿನವರೆಗೆ ಕೆಲಸ ಮಾಡುತ್ತಿದ್ದ ಎಷ್ಟೋ ಕಾರ್ಡುಗಳು ಹೀಗೆ ಒಮ್ಮೆಲೇ ‘ಕಾಣೆಯಾದವು’.

ಪರೀಕ್ಷೆಯ ಕ್ರಮವು ಸುಲಭ. ಮೊದಲು ಬಯಾಸಿನಲ್ಲಿ ಜಾಲಸಾಧನವನ್ನು ನಿಷ್ಕ್ರಿಯಗೊಳಿಸಿಲ್ಲವೆಂದು ನೋಡಿಕೊಳ್ಳಬೇಕು. ಕೇಬಲ್ ಸಿಕ್ಕಿಸಿದಾಗ ಅದರ ದೀಪ ಹೊತ್ತಿದರೆ ಸಾಧನಕ್ಕೆ ಜೀವವಿದೆಯೆಂದು ಬಹುಮಟ್ಟಿಗೆ ನಂಬಬಹುದು. ಆಮೇಲೆ ಯುಎಸ್‌ಬಿ ಕಡ್ಡಿಯಿಂದಲೇ ಲಿನಕ್ಸನ್ನು ನಡೆಯಿಸಿ, ‘ಎಲ್‌ಎಸ್‌ಪಿಸಿಐ’ ಎಂಬ ಆದೇಶವನ್ನು ‘-ಎನ್‌ಎನ್’ ಎಂಬ ಗುರುತಿನೊಡನೆ ಕೊಟ್ಟರೆ ಆ ಎರಡು ಸಂಖ್ಯೆಗಳೂ ತೆರೆಯ ಮೇಲೆ ಬರುವುವು. ಸಂಖ್ಯೆ ಬಂದಿತೆಂದರೆ ಗಣಕವು ಸಾಧನವನ್ನು ಗುರುತಿಸಿದೆ. ಕೊರತೆ ದುಭಾಷಿಯದು ಮಾತ್ರ.

ಪರಿಹಾರಗಳು ಮೂರು. ಆ ಸಂಖ್ಯೆಗೂ ಹೈಪರ್‌ವೈಸರಿನ ಆವೃತ್ತಿಗೂ ಹೊಂದುವ ಡ್ರೈವರ್ ದೊರೆತರೆ ಅದನ್ನು ಸ್ಥಾಪನಾ ಪ್ರತಿಗೆ ಸೇರಿಸುವುದು ಒಂದು. ತಯಾರಕರ ಹೊಂದಾಣಿಕೆಯ ಪಟ್ಟಿಯಲ್ಲಿರುವ ಕಾರ್ಡೊಂದನ್ನು ಬೋರ್ಡಿನ ಖಾಲಿ ಸ್ಲಾಟಿನಲ್ಲಿ ಕೂರಿಸುವುದು ಎರಡನೆಯದು. ಮೂರನೆಯದು, ಪ್ರಾಕ್ಸ್‌ಮಾಕ್ಸಿನಂತಹ ಲಿನಕ್ಸ್ ಆಧಾರದ ಹೈಪರ್‌ವೈಸರನ್ನು ಆರಿಸಿಕೊಳ್ಳುವುದು. ಲಿನಕ್ಸಿನ ಕರ್ನಲ್ಲಿನಲ್ಲಿ ರಿಯಲ್‌ಟೆಕ್ ೮೧೬೮ಕ್ಕೆ ಡ್ರೈವರ್ ಮೊದಲೇ ಇದೆ. ಆದರೆ ಒಂದು ಎಚ್ಚರಿಕೆ: ಹೈಪರ್‌ವೈಸರಿನ ಸ್ಥಾಪನೆಯು ಆಯ್ದ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿಬಿಡುವುದು. ಮನೆಯಲ್ಲಿರುವುದು ಒಂದೇ ಗಣಕವಾದರೆ, ಕಡತಗಳ ಪ್ರತಿಯನ್ನು ಬೇರೆಡೆ ಇಟ್ಟುಕೊಂಡೇ ಮುಂದುವರಿಯತಕ್ಕದ್ದು.

ಯಂತ್ರವು ‘ಇಲ್ಲ’ ಎಂದಾಗ ‘ನನಗೆ ಗೊತ್ತಿಲ್ಲ’ ಎಂದು ಅರ್ಥಮಾಡಿಕೊಳ್ಳಬೇಕಾದ ಸಂದರ್ಭಗಳುಂಟು. ಈ ಭೇದವನ್ನರಿತ ವಿದ್ಯಾರ್ಥಿಯು ಸರಿಯಿರುವ ಸಾಧನವನ್ನು ಗುಜರಿಗೆ ಹಾಕಲಾರನು.