ಮಂಜುಗಡ್ಡೆಯ ಕೆಳಗಣ ಮೀನೂ ಪ್ರತಿಧ್ವನಿಯ ಪೆಟ್ಟಿಗೆಯೂ

ನೀರಿನ ಮೇಲೆ ನಡೆದುಹೋಗುವುದು ಯೋಗಸಿದ್ಧರಿಗೆ ಮಾತ್ರವೇ ಸಾಧ್ಯವೆಂದು ನಮ್ಮ ಕಡೆಯ ಕಥೆಗಳಲ್ಲಿ ಕೇಳಿರುವೆವಷ್ಟೆ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಉತ್ತರದಂಚಿನಲ್ಲಿರುವ ಮಿನ್ನೆಸೋಟಾ ಪ್ರಾಂತದಲ್ಲಾದರೋ ಮಾರ್ಗಶಿರ ಮಾಸವು ಕಳೆಯುವಷ್ಟರಲ್ಲಿ ಬಡಗಿಯೂ ಗುಮಾಸ್ತನೂ ಶಾಲೆಯ ಹುಡುಗನೂ ಈ ಸಿದ್ಧಿಯನ್ನು ಅನಾಯಾಸವಾಗಿ ಪಡೆದುಬಿಡುವರು. ಹತ್ತು ಸಾವಿರ ಸರೋವರಗಳ ನಾಡೆಂದು ಹೆಸರಾದ ಆ ಸೀಮೆಯಲ್ಲಿ ಚಳಿಗಾಲದ ಸರೋವರವೆಂದರೆ ಒಂದು ಬಯಲು. ಜನರು ಅದರ ಮೇಲೆ ಜಾರುಬಂಡಿಗಳನ್ನೆಳೆದುಕೊಂಡು ಹೋಗಿ, ಬೈರಿಗೆಯಿಂದ ಮಂಜುಗಡ್ಡೆಯಲ್ಲಿ ಎಂಟಂಗುಲದ ರಂಧ್ರವನ್ನು ಕೊರೆದು, ಅದರೊಳಗೆ ಗಾಳವನ್ನಿಳಿಸಿ ಕುಳಿತುಕೊಳ್ಳುವರು. ನಮ್ಮವರ ಮಕ್ಕಳೂ ಅನೇಕರು ಈಗ ಆ ಸೀಮೆಯಲ್ಲಿ ಸಂಸಾರವಂದಿಗರಾಗಿ ನೆಲಸಿರುವುದರಿಂದ, ಈ ವಿಚಾರವು ನಮ್ಮ ಮನೆಗಳಿಗೆ ತೀರ ಹೊರಗಿನದೆಂದು ಹೇಳುವಂತಿಲ್ಲ. ಮೀನನ್ನು ಮುಟ್ಟದ ಮನೆತನದ ವಾಚಕರು ಇದನ್ನು ಪ್ರಕೃತಿಶಾಸ್ತ್ರದ ಪಾಠವೆಂದೇ ಓದಿಕೊಳ್ಳಬಹುದು.

ಮೇಲೆಲ್ಲ ಕಲ್ಲಿನಂತೆ ಹೆಪ್ಪುಗಟ್ಟಿರುವಾಗ ಕೆಳಗೆ ಮೀನು ಬದುಕಿರುವುದು ಹೇಗೆ? ಬಹುತೇಕ ದ್ರವಗಳು ತಣ್ಣಗಾದಷ್ಟೂ ಭಾರವಾಗುತ್ತ ಹೋಗುವುವು. ನೀರು ಹಾಗಲ್ಲ. ಸೆಂಟಿಗ್ರೇಡ್ ಮಾನದಲ್ಲಿ ೪ ಡಿಗ್ರಿಗಿಳಿದಾಗ ಅದು ಅತ್ಯಂತ ಸಾಂದ್ರವಾಗಿರುವುದು, ಅದಕ್ಕಿಂತ ತಣ್ಣಗಾದರೆ ಮತ್ತೆ ಹಗುರಾಗುವುದು, ಹೆಪ್ಪುಗಟ್ಟಿದರಂತೂ ತೇಲುವುದು. ಆದುದರಿಂದ ಮಂಜುಗಡ್ಡೆಯು ಮೇಲೆ ಹೊದಿಕೆಯಾಗಿ ನಿಂತು, ತಳದ ನೀರು ಸುಮಾರು ೪ ಡಿಗ್ರಿಯಲ್ಲಿ ಉಳಿಯುವುದು. ಈ ಒಂದು ಅಪವಾದವಿಲ್ಲದಿದ್ದರೆ ಶೀತದೇಶಗಳ ಸರೋವರಗಳು ತಳದಿಂದಲೇ ಗಡ್ಡೆಗಟ್ಟಿ ಜಲಚರಗಳ ಕುಲವೇ ಇಲ್ಲವಾಗುತ್ತಿತ್ತು.

ಮೀನು ಇರುವುದೇನೋ ಸರಿ; ಎಲ್ಲಿರುವುದೆಂಬುದೇ ಪ್ರಶ್ನೆ. ಆ ಸೀಮೆಯ ಮೂಲನಿವಾಸಿಗಳಾದ ಓಜಿಬ್ವೆ ಜನರು ಇದನ್ನು ಪ್ರತ್ಯಕ್ಷಪ್ರಮಾಣದಿಂದಲೇ ಬಗೆಹರಿಸಿಕೊಂಡಿದ್ದರು. ರಂಧ್ರದ ಮೇಲೆ ಕಂಬಳಿಯನ್ನೋ ತೊಗಲನ್ನೋ ಮುಚ್ಚಿ ಬೆಳಕು ಬಾರದಂತೆ ಕತ್ತಲೆಮಾಡಿ, ಬೋರಲಾಗಿ ಮಲಗಿ ನೀರೊಳಗೆ ಇಣುಕಿ ನೋಡುವರು. ಹೊರಗಿನ ಬೆಳಕು ಅಡಗಿದರೆ ಕೆಳಗಿನ ನೀರು ಹಸುರುಗಾಜಿನಂತೆ ಬೆಳಗುವುದು. ಮರದಲ್ಲಿ ಕೆತ್ತಿದ ಹುಸಿಮೀನನ್ನು ದಾರದಿಂದಾಡಿಸಿ, ಅದರ ಬಳಿಗೆ ಬಂದ ದೊಡ್ಡ ಮೀನನ್ನು ಈಟಿಯಿಂದ ತಿವಿಯುವರು. ಕತ್ತಲೆಯ ಗುಡಿಸಲಿನೊಳಗೆ ಕುಳಿತು ಈಟಿ ಹಿಡಿಯುವ ಈ ಪದ್ಧತಿಯು ಇಂದಿಗೂ ಅಲ್ಲಿ ನಡೆದುಬಂದಿದೆ. ಆದರೆ ಕಣ್ಣಿನ ದೃಷ್ಟಿಯು ಮೂವತ್ತು ಅಡಿ ಆಳಕ್ಕೆ ಎಟುಕದು, ಕದಡಿದ ನೀರಿನಲ್ಲಿಯೂ ನಡೆಯದು. ಪ್ರತ್ಯಕ್ಷವು ಸಾಗದೆಡೆಯಲ್ಲಿ ಅನುಮಾನವನ್ನು ಆಶ್ರಯಿಸಬೇಕೆಂದು ನಮ್ಮ ತಾರ್ಕಿಕರು ಹೇಳಿರುವರು. ಬೆಟ್ಟದ ಮೇಲೆ ಹೊಗೆಯನ್ನು ಕಂಡು, ಕಾಣದಿರುವ ಬೆಂಕಿಯನ್ನು ತಿಳಿಯುವ ಕ್ರಮವದು. ಮೀನುಶೋಧಕವೆಂಬ ಯಂತ್ರವು ಮಾಡುವುದೂ ಇದನ್ನೇ. ಅದು ಮೀನನ್ನು ತೋರಿಸುವುದಿಲ್ಲ, ಮೀನಿನ ಲಿಂಗವನ್ನು ಮಾತ್ರ ತೋರಿಸುವುದು. ಹೊಗೆಯ ಸ್ಥಾನದಲ್ಲಿ ಇಲ್ಲಿ ಪ್ರತಿಧ್ವನಿ.

ಈ ವಿದ್ಯೆಯ ಹಿಂದೆ ಇನ್ನೂರು ವರ್ಷಗಳ ಪರಿಶ್ರಮವಿದೆ. ೧೮೨೬ರಲ್ಲಿ ಕೊಲಾಡಾನ್ ಮತ್ತು ಸ್ಟರ್ಮ್ ಎಂಬಿಬ್ಬರು ಜಿನೀವಾ ಸರೋವರದಲ್ಲಿ ಎರಡು ದೋಣಿಗಳನ್ನು ಬಹುದೂರ ನಿಲ್ಲಿಸಿದರು. ಒಂದರಿಂದ ನೀರಿನೊಳಗೆ ಗಂಟೆಯನ್ನು ಹೊಡೆದು, ಅದೇ ಕ್ಷಣದಲ್ಲಿ ಮದ್ದನ್ನು ಹೊತ್ತಿಸಿದರು. ಇನ್ನೊಂದರಿಂದ ಆ ಮಿಂಚನ್ನು ಕಂಡು, ಗಂಟೆಯ ನಾದವು ತಲಪಲು ಎಷ್ಟು ಹೊತ್ತಾಯಿತೆಂದು ಅಳೆದರು. ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು ೧೪೩೫ ಮೀಟರು ಓಡುವುದೆಂದು, ಎಂದರೆ ಗಾಳಿಯಲ್ಲಿ ಓಡುವುದರ ನಾಲ್ಕರಷ್ಟಕ್ಕೂ ಹೆಚ್ಚೆಂದು, ಹೀಗೆ ಗೊತ್ತಾಯಿತು. ೧೮೮೦ರಲ್ಲಿ ಕ್ಯೂರಿ ಸಹೋದರರು ಕೆಲವು ಸ್ಫಟಿಕಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದನ್ನು ಕಂಡರು. ಮರುವರ್ಷವೇ ಅವಕ್ಕೆ ವಿದ್ಯುತ್ತನ್ನು ಹಾಯಿಸಿದರೆ ಅವು ಹಿಗ್ಗಿ ಕುಗ್ಗುವುವೆಂಬುದೂ ಸ್ಥಿರಪಟ್ಟಿತು. ಒಂದೇ ಬಿಲ್ಲೆಯು ಬಾಯಿಯೂ ಕಿವಿಯೂ ಆಗಬಹುದೆಂದಾಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಲಾಂಜೆವಾ ಎಂಬ ವಿದ್ವಾಂಸನು ಇದೇ ಸ್ಫಟಿಕದಿಂದ ಜಲಾಂತರ್ಗಾಮಿ ನೌಕೆಗಳನ್ನು ಹುಡುಕುವ ಉಪಾಯವನ್ನು ಕಂಡುಹಿಡಿದನು. ೧೯೪೮ರಲ್ಲಿ ಜಪಾನಿನ ನಾಗಸಾಕಿಯ ಫುರುನೊ ಸಹೋದರರು ಅದನ್ನು ಬೆಸ್ತರ ಕೈಗೆ ಕೊಟ್ಟರು. ಯುದ್ಧದ ವಿದ್ಯೆಯು ಊಟದ ವಿದ್ಯೆಯಾಗಿ ಪರಿಣಮಿಸಿದ ಅಪರೂಪದ ನಿದರ್ಶನವಿದು.

ಈಗಿನ ಸಾಮಾನ್ಯ ಯಂತ್ರವು ಸೆಕೆಂಡಿಗೆ ಎರಡು ಲಕ್ಷ ಕಂಪನಗಳುಳ್ಳ, ನಮ್ಮ ಕಿವಿಗೆ ಕೇಳಿಸದ, ನಾದವನ್ನು ಕೆಳಮುಖವಾಗಿ ಬಿಡುವುದು. ಮೂವತ್ತು ಅಡಿಯ ತಳವನ್ನು ಮುಟ್ಟಿ ಅದು ಮರಳಲು ಸೆಕೆಂಡಿನ ನೂರರಲ್ಲೊಂದು ಭಾಗಕ್ಕಿಂತ ಸ್ವಲ್ಪವೇ ಹೆಚ್ಚು ಹೊತ್ತು ಸಾಕು. ಮೀನಿನ ಮಾಂಸವು ಹೆಚ್ಚುಕಡಮೆ ನೀರಿನಂತೆಯೇ ಇರುವುದರಿಂದ ನಾದವನ್ನು ಅಷ್ಟಾಗಿ ಹಿಂದಿರುಗಿಸದು. ಹಿಂದಿರುಗಿಸುವುದು ಮುಖ್ಯವಾಗಿ ಅದರ ಹೊಟ್ಟೆಯೊಳಗಿನ ಗಾಳಿಚೀಲ. ಈ ಗಾಳಿಚೀಲವನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಅದರಿಂದ ಕೆಲಸವಿದೆ.

ನನ್ನಲ್ಲಿ ಓದಿದ ಹುಡುಗನೊಬ್ಬನು ಆ ಪ್ರಾಂತದಲ್ಲಿ ಉದ್ಯೋಗದಲ್ಲಿರುವನು. ಅವನ ಮನೆಯಲ್ಲಿ ನಾನೊಂದು ಚಳಿಗಾಲವನ್ನು ಕಳೆದಾಗ, ಬೇಸಗೆಯಲ್ಲಿ ದೋಣಿಗೆ ತಗುಲಿಸುತ್ತಿದ್ದ ಮೀನುಶೋಧಕವನ್ನೇ ಕಳಚಿ, ಮಂಜುಗಡ್ಡೆಯ ಮೇಲೆ ಹೊತ್ತೊಯ್ಯುವ ಪೆಟ್ಟಿಗೆಯನ್ನಾಗಿ ಮಾಡುತ್ತಿದ್ದನು. ಚಳಿಗಾಲಕ್ಕೆಂದೇ ಮಾಡಿದ ಯಂತ್ರಗಳು ಅಂಗಡಿಯಲ್ಲಿ ದೊರೆಯುವುವು. ಆದರೆ ಒಂದು ಮನೆಗೆ ಎರಡು ಯಂತ್ರಗಳ ಖರ್ಚೇಕೆಂಬುದು ಅವನ ಲೆಕ್ಕ. ಗೃಹಸ್ಥನಿಗೆ ಒಪ್ಪತಕ್ಕ ಲೆಕ್ಕವೇ.

ಮುಚ್ಚಳವುಳ್ಳ ಸಲಕರಣೆಯ ಪೆಟ್ಟಿಗೆಯೊಂದು ಇದಕ್ಕೆ ಆಧಾರ. ತೆರೆದ ಜಾಲರಿಯ ಪೆಟ್ಟಿಗೆಯೂ ಆಗುವುದಾದರೂ ಅದರಲ್ಲಿ ಹಿಮವು ತುಂಬಿಕೊಳ್ಳುವುದು. ತಳದಲ್ಲಿ ೧೨ ವೋಲ್ಟಿನ ಬ್ಯಾಟರಿಯನ್ನಿಟ್ಟು, ಜಾರುಬಂಡಿಯು ಕುಲುಕಿದರೂ ಕದಲದಂತೆ ಪಟ್ಟಿಯಿಂದ ಬಿಗಿದು, ಸುತ್ತಲೂ ಸ್ಪಂಜಿನ ಹಾಳೆಯನ್ನು ಹೊದಿಸಬೇಕು. ಇದು ಕೇವಲ ಮೆತ್ತೆಯಲ್ಲ, ಬ್ಯಾಟರಿಗೆ ಕಂಬಳಿ. ಸೀಸದ ಬ್ಯಾಟರಿಯು ಸೊನ್ನೆಗಿಂತ ೧೮ ಡಿಗ್ರಿ ಕೆಳಗಿನ ಚಳಿಯಲ್ಲಿ ತನ್ನ ಶಕ್ತಿಯ ಅರ್ಧದಷ್ಟನ್ನೇ ಕೊಡುವುದೆಂದು ಎಣಿಸಿಕೊಳ್ಳಬೇಕು. ೭ ಆಂಪಿಯರ್-ಗಂಟೆಯ ಬ್ಯಾಟರಿಯಿಂದ ಅರ್ಧ ಆಂಪಿಯರ್ ನುಂಗುವ ಯಂತ್ರವನ್ನು ಕಾಗದದ ಮೇಲೆ ೧೪ ಗಂಟೆ ನಡೆಸಬಹುದು; ಸರೋವರದ ಮೇಲೆ ೭ ಗಂಟೆ ನಡೆದರೆ ಅದೇ ಲಾಭ. ಲಿಥಿಯಂ ಕಬ್ಬಿಣದ ಫಾಸ್ಫೇಟಿನ ಹೊಸ ಬ್ಯಾಟರಿಗಳು ತೂಕದಲ್ಲಿ ಅರ್ಧಕ್ಕೂ ಕಡಮೆ, ಚಳಿಯನ್ನೂ ಚೆನ್ನಾಗಿ ತಾಳುವುವು. ಅವಕ್ಕೆ ಒಂದೇ ನಿಯಮ: ಸೊನ್ನೆ ಡಿಗ್ರಿಗಿಂತ ತಣ್ಣಗಿರುವಾಗ ಅವನ್ನು ಚಾರ್ಜು ಮಾಡಕೂಡದು, ಮಾಡಿದರೆ ಒಳಗೆಲ್ಲ ಕೆಡುವುವು. ಮನೆಗೆ ಬಂದೊಡನೆ ತಂತಿ ಸಿಕ್ಕಿಸದೆ, ಪೆಟ್ಟಿಗೆಯು ಬೆಚ್ಚಗಾಗುವವರೆಗೆ ಕಾಯತಕ್ಕುದು.

ಬ್ಯಾಟರಿಯ ಧನಾಗ್ರಕ್ಕೆ ಅತಿ ಸಮೀಪದಲ್ಲಿಯೇ ಫ್ಯೂಸನ್ನಿಡಬೇಕು. ಇಂಥ ಸಣ್ಣ ಯಂತ್ರಗಳಿಗೆ ಸಾಮಾನ್ಯವಾಗಿ ೩ ಆಂಪಿಯರಿನದು; ಯಂತ್ರದೊಡನೆ ಬಂದ ಪುಸ್ತಕದಲ್ಲಿ ಹೇಳಿದುದೇ ಪ್ರಮಾಣ. ಮುಚ್ಚಳದ ಮೇಲೆ ಹಲಗೆಯ ತುಂಡೊಂದನ್ನು ಮೊಳೆಬಿಗಿದು ಅದಕ್ಕೆ ತೆರೆಯನ್ನು ನಿಲ್ಲಿಸಿದರೆ, ಬೇಸಗೆ ಬಂದಾಗ ತಿರುಪನ್ನು ಸಡಿಲಿಸಿ ಮರಳಿ ದೋಣಿಗೆ ಒಯ್ಯಬಹುದು.

ಎಲ್ಲಕ್ಕಿಂತ ನಾಜೂಕಾದುದು ನಾದವನ್ನು ಬಿಟ್ಟು ಹಿಡಿಯುವ ಬಿಲ್ಲೆ. ಅಲ್ಲಿಯವರು ಅದನ್ನು ಟ್ರಾನ್ಸ್‌ಡ್ಯೂಸರ್ ಎನ್ನುವರು. ಅದರಿಂದ ಹೊರಡುವ ನಾದವು ತಲೆಕೆಳಗಾಗಿ ಹಿಡಿದ ಆಲಿಕೆಯಂತೆ ಕೆಳಗೆ ಅಗಲವಾಗುತ್ತ ಹೋಗುವುದು. ಇಪ್ಪತ್ತು ಡಿಗ್ರಿಯ ಆಲಿಕೆಯಾದರೆ ಮೂವತ್ತಡಿ ಆಳದಲ್ಲಿ ಅದರ ವ್ಯಾಸವು ಹತ್ತಡಿಗೆ ಸ್ವಲ್ಪ ಮೇಲೆ. ಬಿಲ್ಲೆಯು ಓರೆಯಾದರೆ ಆಲಿಕೆಯೂ ಓರೆಯಾಗಿ, ನಮ್ಮ ಗಾಳವೇ ಅದರ ಹೊರಗುಳಿದುಬಿಡುವುದು. ಆದುದರಿಂದ ತೇಲುವ ಬೆಂಡಿನ ನಡುವಿನಿಂದ ತಂತಿಯನ್ನು ಪೋಣಿಸಿ, ಬಿಲ್ಲೆಯು ತನ್ನ ಭಾರದಿಂದಲೇ ನೆಟ್ಟಗೆ ತೂಗಿ ಮಂಜುಗಡ್ಡೆಯ ಕೆಳಗಂಚನ್ನು ದಾಟಿ ನಿಲ್ಲುವಂತೆ ಬಿಡಬೇಕು. ದೋಣಿಯ ಬಿಲ್ಲೆಗಳು ಹೀಗೆ ನೆಟ್ಟಗೆ ತೂಗಲಾರವು. ನಮ್ಮ ಹುಡುಗನು ಅದನ್ನು ಒಂದು ಕೊಳವೆಯ ತುದಿಗೆ ಬಿಗಿದು, ಕೊಳವೆಯನ್ನು ಪೆಟ್ಟಿಗೆಯ ಪಕ್ಕಕ್ಕೆ ಕಟ್ಟಿ, ಗಾರೆಯವರ ರಸಮಟ್ಟದ ಸಣ್ಣ ಶೀಶೆಯೊಂದನ್ನು ಮೇಲೆ ಅಂಟಿಸಿದ್ದನು. ನೂರು ಸಲ ಇಣುಕಿ ನೋಡುವ ತೊಂದರೆಯನ್ನು ಅದೊಂದು ಗುಳ್ಳೆ ತಪ್ಪಿಸಿತು.

ಇನ್ನು ಓದುವ ಬಗೆ. ದೋಣಿಯು ಚಲಿಸುವಾಗ ಮೀನು ತೆರೆಯ ಮೇಲೆ ಕಮಾನಾಗಿ ಕಾಣುವುದು. ಮಂಜುಗಡ್ಡೆಯ ಮೇಲೆ ಯಂತ್ರವು ಕದಲದು. ಆದುದರಿಂದ ನಿಂತ ಮೀನು ಒಂದು ಉದ್ದಗೆರೆ, ಏರಿಬರುವ ಮೀನು ಓರೆಗೆರೆ. ನಮ್ಮ ಗಾಳವೂ ಒಂದು ಗೆರೆಯೇ. ಕೆಳಗಿನ ಗೆರೆಯು ದಪ್ಪನಾಗುತ್ತ ಮೇಲಿನದನ್ನು ಸಮೀಪಿಸುವಾಗ ಕೈಯಲ್ಲಿ ದಾರ ಹಿಡಿದವನ ಉಸಿರು ನಿಲ್ಲುವುದನ್ನು ನಾನು ಕಂಡಿದ್ದೇನೆ.

ಆದರೆ ಇಲ್ಲಿ ಹೇತ್ವಾಭಾಸಗಳು ಹೇರಳ. ಬೆಟ್ಟದ ಮೇಲಿನ ಇಬ್ಬನಿಯನ್ನು ಹೊಗೆಯೆಂದು ಭ್ರಮಿಸಿದವನಿಗೆ ಬೆಂಕಿ ದೊರೆಯುವುದೇ? ತಳದ ಪಾಚಿಯ ತುದಿಯೂ ಮೇಲೇಳುವ ಗಾಳಿಯ ಗುಳ್ಳೆಯೂ ಮೀನಿನಂತೆಯೇ ಗೆರೆಯೆಳೆಯುವುವು. ತಳವು ಗಟ್ಟಿಯಾಗಿದ್ದರೆ ನಾದವು ಎರಡು ಸಲ ಹೋಗಿಬಂದು, ೧೮ ಅಡಿಯ ಸರೋವರಕ್ಕೆ ೩೬ ಅಡಿಯಲ್ಲಿ ಇನ್ನೊಂದು ತಳವಿರುವಂತೆ ತೋರುವುದು. ಪಕ್ಕದ ರಂಧ್ರದವನ ಯಂತ್ರವೂ ಅದೇ ಶ್ರುತಿಯದಾಗಿದ್ದರೆ ತೆರೆಯೆಲ್ಲ ಗೀಚುಗೀಚು. ಇಳಿಜಾರು ತಳದಲ್ಲಿಯಾದರೋ, ಇರುವ ಮೀನೇ ತಳದ ಗೆರೆಯೊಳಗೆ ಅಡಗಿಹೋಗುವುದು. ಮೊದಲು ಗಾಳವನ್ನು ಒಂದಡಿ ಮೇಲೆತ್ತಿ ಯಾವ ಗೆರೆಯು ಏರಿತೆಂದು ನೋಡಿದರೆ, ತನ್ನ ಗೆರೆ ಯಾವುದೆಂಬುದಾದರೂ ನಿಶ್ಚಯವಾಗುವುದು.

ಒಂದು ವಿಷಯದಲ್ಲಿ ಮಾತ್ರ ಈ ಪೆಟ್ಟಿಗೆಯನ್ನು ನೆಚ್ಚಲೇಕೂಡದು. ಕಾಲ ಕೆಳಗಿನ ಮಂಜುಗಡ್ಡೆ ಎಷ್ಟು ದಪ್ಪವೆಂದು ಅದು ಹೇಳದು. ಗುಳ್ಳೆಯಿಲ್ಲದ ಶುಭ್ರವಾದ ಗಡ್ಡೆಯ ಮೇಲೆ ನೀರು ಸುರಿದು ಬಿಲ್ಲೆಯನ್ನಿಟ್ಟರೆ, ರಂಧ್ರ ಕೊರೆಯುವ ಮೊದಲೇ ಸರೋವರದ ಆಳವು ತಿಳಿಯುವುದುಂಟು. ಅದನ್ನು ಕಂಡು ಗಡ್ಡೆಯೂ ಭದ್ರವೆಂದು ಊಹಿಸುವುದು ಪ್ರಾಣಾಂತಿಕವಾದ ತರ್ಕ. ಇಲ್ಲಿ ಪ್ರತ್ಯಕ್ಷವೊಂದೇ ಪ್ರಮಾಣ: ಕೊರೆದು, ಕೋಲಿಟ್ಟು ಅಳೆಯಬೇಕು, ಹೆಜ್ಜೆಹೆಜ್ಜೆಗೂ ಅಳೆಯುತ್ತ ಹೋಗಬೇಕು. ಹೊಸದಾದ ಶುಭ್ರ ಗಡ್ಡೆಯು ನಡೆಯುವವನಿಗೆ ೪ ಅಂಗುಲವಾದರೂ ಇರಬೇಕು, ಹಿಮದ ಮೇಲೆ ಓಡುವ ಮೋಟಾರು ಬಂಡಿಗೆ ೫ರಿಂದ ೭ ಅಂಗುಲ. ಹಿಮ ಬೆರೆತು ಬೆಳ್ಳಗಾದ ಗಡ್ಡೆಯಾದರೆ ಇದರ ಎರಡರಷ್ಟು. ೨೦೨೨ರ ನವೆಂಬರ್ ೨೮ರಂದು ಅಪ್ಪರ್ ರೆಡ್ ಲೇಕ್ ಎಂಬ ಸರೋವರದಲ್ಲಿ ಗಡ್ಡೆಯ ದೊಡ್ಡ ಭಾಗವೊಂದು ದಡದಿಂದ ಬಿರಿದು ಬೇರೆಯಾಗಿ, ಅದರ ಮೇಲಿದ್ದ ಸುಮಾರು ೨೦೦ ಮಂದಿಯ ಮುಂದೆ ತೆರೆದ ನೀರು ನಿಂತಿತು. ಅವರನ್ನೆಲ್ಲ ಕಾಪಾಡಿ ದಡಕ್ಕೆ ತರಲಾಯಿತು. ಮರುವರ್ಷದ ಡಿಸೆಂಬರಿನಲ್ಲಿ ಅದೇ ಸರೋವರದಲ್ಲಿ ಮತ್ತೆ ನೂರಕ್ಕೂ ಹೆಚ್ಚು ಮಂದಿಯನ್ನು ಹೀಗೆಯೇ ಬಿಡಿಸಿ ತರಬೇಕಾಯಿತು. ಅಲ್ಲಿ ತಿಳಿದವರು ಕೊರಳಲ್ಲಿ ಎರಡು ಮೊನೆಗೂಟಗಳನ್ನು ದಾರದಿಂದ ಕಟ್ಟಿಕೊಂಡಿರುವರು. ನೀರಿಗೆ ಬಿದ್ದರೆ ಗಡ್ಡೆಗೆ ಅವನ್ನು ಚುಚ್ಚಿ ಮೇಲೇರಲು. ಪರದೇಶದಲ್ಲಿ ಮಕ್ಕಳಿರುವ ತಾಯ್ತಂದೆಗಳು ಪತ್ರದಲ್ಲಿ ಕೇಳಬೇಕಾದ ಪ್ರಶ್ನೆಯು ಎಷ್ಟು ಮೀನು ಹಿಡಿದೆಯೆಂಬುದಲ್ಲ, ಎಷ್ಟಂಗುಲ ಗಡ್ಡೆಯಿತ್ತೆಂಬುದು.

ಅದೇ ರೆಡ್ ಲೇಕ್ ಸರೋವರಗಳಲ್ಲಿ ಇನ್ನೊಂದು ಸಂಗತಿಯೂ ನಡೆದಿದೆ. ವಾಲೈ ಎಂಬ ರುಚಿಯಾದ ಮೀನು ಅಲ್ಲಿ ವಿಪುಲವಾಗಿದ್ದಿತು. ಮಿತಿಮೀರಿ ಹಿಡಿದು ಹಿಡಿದು ಅದು ತೀರುತ್ತ ಬಂದಿತು. ೧೯೯೯ರಲ್ಲಿ ಓಜಿಬ್ವೆ ಜನರ ರೆಡ್ ಲೇಕ್ ಪಂಗಡವೂ ಪ್ರಾಂತ ಸರಕಾರವೂ ಒಪ್ಪಂದಮಾಡಿಕೊಂಡು ಆ ಮೀನನ್ನು ಹಿಡಿಯುವುದನ್ನೇ ನಿಲ್ಲಿಸಿದರು. ೨೦೦೬ರಲ್ಲಿ, ಸಂತತಿಯು ಚಿಗುರಿದ ಮೇಲೆ, ಮತ್ತೆ ತೆರೆದರು. ಈಗ ಇಷ್ಟೇ ಹಿಡಿಯತಕ್ಕದ್ದೆಂಬ ಮಿತಿಯುಂಟು. ಮಿತಿ ಮೀರಿದುದನ್ನು ನೀರಿಗೆ ಬಿಡಬೇಕು.

ಇಲ್ಲಿಯೇ ಆ ಗಾಳಿಚೀಲದ ಮಾತು ಬರುವುದು. ೩೩ ಅಡಿ ಆಳದಲ್ಲಿ ನೀರಿನ ಒತ್ತಡವು ಮೇಲಿನದಕ್ಕಿಂತ ಎರಡರಷ್ಟು. ಅಲ್ಲಿಂದ ಮೀನನ್ನು ಸರಸರನೆ ಎಳೆದರೆ ಅದರೊಳಗಿನ ಗಾಳಿಯು ಎರಡರಷ್ಟಾಗಿ ಉಬ್ಬಿ, ಹೊಟ್ಟೆಯು ಬಾಯಿಗೆ ಬಂದು, ಕಣ್ಣು ಹೊರಚಾಚುವುದು. ವಾಲೈ, ಪರ್ಚ್, ಕ್ರಾಪಿ ಮೊದಲಾದ ಜಾತಿಗಳಿಗೆ ಆ ಗಾಳಿಯನ್ನು ಬಾಯಿಂದ ಹೊರಬಿಡುವ ದಾರಿಯಿಲ್ಲ. ಅಂಥ ಮೀನನ್ನು ಮರಳಿ ಬಿಟ್ಟರೂ ಎಷ್ಟೋ ವೇಳೆ ಅದು ಮುಳುಗಲಾರದೆ ಸಾಯುವುದು. ಯಾವ ಚೀಲದ ಪ್ರತಿಧ್ವನಿಯು ಮೀನನ್ನು ನಮಗೆ ತೋರಿಸಿಕೊಟ್ಟಿತೋ ಅದೇ ಅದನ್ನು ಕೊಲ್ಲುವುದು.

"ಮೇಷ್ಟ್ರೇ, ಆಳವಾದ ಕಡೆ ಬಿಟ್ಟುಬಿಡುವ ಆಟವಿಲ್ಲ. ಅಲ್ಲಿ ಹಿಡಿದರೆ ಹಿಡಿದದ್ದನ್ನು ತಿನ್ನಲೇಬೇಕು" ಎಂದು ಹುಡುಗನು ಹೇಳಿದನು. ಆ ಹೊತ್ತಿಗೆ ಪೆಟ್ಟಿಗೆಯು ೩೬ ಅಡಿ ತೋರಿಸುತ್ತಿತ್ತು. ಗಾಳವನ್ನು ಆಡಿಸಿ ನೋಡಿದ್ದರಿಂದ ಅದು ಎರಡನೆಯ ಹುಸಿತಳವಲ್ಲವೆಂದು ಖಚಿತವಾಗಿತ್ತು. ಕೆಳಗೆ ಆರೇಳು ಗೆರೆಗಳು ಸಾಲಾಗಿ ನಿಂತಿದ್ದುವು. ಮನೆಗೆ ಬೇಕಾದ ಮೂರು ಮೀನು ಆಗಲೇ ಜಾರುಬಂಡಿಯಲ್ಲಿದ್ದುವು. ಅವನು ಬಿಲ್ಲೆಯನ್ನು ಮೇಲೆಳೆದು, ಅದರ ಮೇಲೆ ಕಟ್ಟುತ್ತಿದ್ದ ಮಂಜನ್ನು ಕೈಗವಸಿನಿಂದ ಒರಸಿ, ತಂತಿಯನ್ನು ಸುತ್ತಿ ಮುಚ್ಚಳವನ್ನು ಹಾಕಿದನು.